ದಂತ ಕುರ್ಚಿ ಅಲುಗಾಡುವುದೇಕೆ, ಕುಸಿಯುವುದೇಕೆ?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರಲ್ಲಿ ದಂತ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ಹತ್ತು ವರ್ಷದ ಹಳೆಯ ಹೈಡ್ರಾಲಿಕ್ ಕುರ್ಚಿ ಇದೆ. ಅದರಲ್ಲಿ ಮೂರು ತೊಂದರೆಗಳಿವೆ. ರೋಗಿಯನ್ನು ಮಲಗಿಸಿ ಕೆಲಸ ಮಾಡುವಾಗ ತಲೆಯ ಭಾಗ ಅಲುಗಾಡುತ್ತದೆ. ಬೇರುನಾಳ ಚಿಕಿತ್ಸೆಗೆಂದು (ರೂಟ್ ಕೆನಾಲ್) ದಪ್ಪ ಮೈಕಟ್ಟಿನವರು ನಲವತ್ತು ನಿಮಿಷ ಮಲಗಿದರೆ ಕುರ್ಚಿ ಒಂದು ಅಂಗುಲದಷ್ಟು ಕೆಳಗಿಳಿದಿರುತ್ತದೆ, ತೆಳ್ಳಗಿನವರಿಗೆ ಅಷ್ಟಾಗುವುದಿಲ್ಲ. ಬೆನ್ನೊರಗನ್ನು ಮಲಗಿಸಿದಾಗ ರೋಗಿಗಳ ಅಂಗಿ, ಸೀರೆಯ ಸೆರಗು ಎಳೆದುಕೊಂಡು ತಲೆ ತಲೆದಿಂಬಿನಿಂದ ತಪ್ಪಿಹೋಗುತ್ತದೆ. ರಿಪೇರಿ ಮಾಡಿಸಬೇಕೆ, ಹೊಸದು ಕೊಳ್ಳಬೇಕೆ? ಕೊಳ್ಳುವುದಾದರೆ ಹೈಡ್ರಾಲಿಕ್ ಒಳ್ಳೆಯದೋ ಮೋಟಾರು ಸ್ಕ್ರೂ ಇರುವುದೋ? ಮಾರಾಟಗಾರರು ಮೋಟಾರಿನ ಶಕ್ತಿಯನ್ನಷ್ಟೇ ಹೇಳುತ್ತಾರೆ.

ಉತ್ತರ:

ಡಾಕ್ಟರೇ, ಮೋಟಾರಿನ ಮಾತನ್ನು ಮೊದಲು ಬದಿಗಿಡೋಣ. ಕುರ್ಚಿಯನ್ನು ಎತ್ತಲು ಬೇಕಾದ ಶಕ್ತಿ ಬಹಳ ಕಡಿಮೆ. 135 ಕೆಜಿ ತೂಕದ ರೋಗಿ, ಅವರ ಜೊತೆಗೆ ಮೇಲೇಳುವ ಆಸನ, ಚೌಕಟ್ಟು ಎಲ್ಲ ಸೇರಿ ಇನ್ನೊಂದು 80 ಕೆಜಿ ಎಂದಿಟ್ಟುಕೊಳ್ಳಿ. ಒಟ್ಟು ಭಾರ ಸುಮಾರು 2,100 ನ್ಯೂಟನ್. ಅದನ್ನು 15 ಸೆಕೆಂಡಿನಲ್ಲಿ 40 ಸೆಂಟಿಮೀಟರ್ ಮೇಲೆತ್ತಲು 56 ವಾಟ್ ಸಾಕು. ಸ್ಕ್ರೂವಿನಲ್ಲಿ, ಗೇರಿನಲ್ಲಿ ಮೂರನೆಯ ಎರಡು ಭಾಗ ಘರ್ಷಣೆಗೇ ಹೋಯಿತೆಂದರೂ 170 ವಾಟ್ ದಾಟುವುದಿಲ್ಲ. ಮನೆಯ ಮಿಕ್ಸಿಯ ಮೋಟಾರು ಅದಕ್ಕಿಂತ ದೊಡ್ಡದು. ಎತ್ತುವುದು ಸುಲಭ, ಎತ್ತಿದ್ದನ್ನು ಎತ್ತಿದಲ್ಲೇ ಒಂದು ಗಂಟೆ ಕದಲದಂತೆ ಹಿಡಿದಿಡುವುದು ಕಷ್ಟ. ನಿಮಗೆ ಬೇಕಾಗಿರುವುದು ಒಂದೇ ಬಿಂದುವಿನ ಸ್ಥಿರತೆ: ರೋಗಿಯ ಬಾಯಿ. ಆ ಬಿಂದುವೋ ಕುರ್ಚಿಯ ಬುಡದಿಂದ ಅತ್ಯಂತ ದೂರದಲ್ಲಿದೆ. ಬುಡದಿಂದ ಬಾಯಿಯವರೆಗೆ ಬರುವ ಪ್ರತಿಯೊಂದು ಕೀಲು, ಪಿನ್ನು, ಬುಶ್ಶು (ಪಿನ್ನು ತಿರುಗುವ ತೂತಿನೊಳಗಿನ ಬಳೆ), ಕವಾಟವೂ ತನ್ನ ಚಿಕ್ಕ ದೋಷವನ್ನು ಅಲ್ಲಿಗೆ ದಾಟಿಸುತ್ತದೆ. ನಿಮ್ಮ ಮೂರೂ ತೊಂದರೆಗಳು ಈ ಸರಪಳಿಯ ಮೂರು ಬೇರೆ ಬೇರೆ ಕೊಂಡಿಗಳಿಗೆ ಸೇರಿದವು. ಆದ್ದರಿಂದ ಮೂರಕ್ಕೂ ಒಂದೇ ಔಷಧವಿಲ್ಲ.

ಈ ಕಷ್ಟ ಹುಟ್ಟಿದ್ದು ಹೇಗೆಂದು ತಿಳಿದರೆ ಮುಂದಿನದು ಸುಲಭವಾಗುತ್ತದೆ. 1790ರಲ್ಲಿ ಅಮೆರಿಕದ ಜೊಸಾಯಾ ಫ್ಲ್ಯಾಗ್ ಎಂಬ ದಂತವೈದ್ಯ ಮರದ ವಿಂಡ್ಸರ್ ಕುರ್ಚಿಯೊಂದಕ್ಕೆ ಹೊಂದಿಸಬಹುದಾದ ತಲೆದಿಂಬನ್ನೂ ಉಪಕರಣಗಳನ್ನಿಡಲು ಒಂದು ತೋಳನ್ನೂ ಜೋಡಿಸಿದ. 1832ರಲ್ಲಿ ಜೇಮ್ಸ್ ಸ್ನೆಲ್ ಹಿಂದಕ್ಕೆ ಬಾಗುವ ಕುರ್ಚಿಯನ್ನು ರೂಪಿಸಿದ. 1877ರಲ್ಲಿ ಬಂದ ವಿಲ್ಕರ್ಸನ್ ಕುರ್ಚಿಯಲ್ಲಿ ಪಂಪಿನಿಂದ ಮೇಲೇಳುವ ಹೈಡ್ರಾಲಿಕ್ ವ್ಯವಸ್ಥೆ ಸೇರಿತು. ಅಲ್ಲಿಯವರೆಗೂ, ಅಲ್ಲಿಂದ ಮುಂದೆ ಎಂಬತ್ತು ವರ್ಷವೂ ವೈದ್ಯರು ನಿಂತೇ ಕೆಲಸ ಮಾಡುತ್ತಿದ್ದರು. ರೋಗಿ ಹೆಚ್ಚುಕಡಿಮೆ ಕುಳಿತೇ ಇರುತ್ತಿದ್ದುದರಿಂದ ಭಾರವೆಲ್ಲ ನೇರವಾಗಿ ಬುಡದ ಕಂಬದ ಮೇಲೆ ಇಳಿಯುತ್ತಿತ್ತು. 1958ರಲ್ಲಿ ಪೂರ್ತಿ ಮಲಗಿಸುವ ಕುರ್ಚಿ ಬಂತು. ಅದರ ಬೆನ್ನಿಗೇ, ಅರವತ್ತರ ದಶಕದಲ್ಲಿ, ವೈದ್ಯರೂ ಸಹಾಯಕರೂ ಕುಳಿತು ನಾಲ್ಕು ಕೈಗಳಿಂದ ಕೆಲಸ ಮಾಡುವ ಪದ್ಧತಿ ಹರಡಿತು. ವೈದ್ಯರ ಸೊಂಟಕ್ಕೆ ಇದರಿಂದ ದೊಡ್ಡ ಉಪಕಾರವಾಯಿತು. ಎಂಜಿನಿಯರಿಗೆ ಮಾತ್ರ ಹೊಸ ಲೆಕ್ಕ ಎದುರಾಯಿತು. ಈಗ ಬೆನ್ನೊರಗು ಒಂದು ತುದಿಯಲ್ಲಿ ಮಾತ್ರ ಆಧಾರವಿರುವ, ಇನ್ನೊಂದು ತುದಿ ಗಾಳಿಯಲ್ಲಿ ಚಾಚಿಕೊಂಡಿರುವ ತೊಲೆ. ಅದರ ಮೇಲೆ ರೋಗಿಯ ಮುಂಡ, ತೋಳು, ತಲೆ. ಅಂದರೆ ದೇಹದ ತೂಕದ ಮೂರನೆಯ ಎರಡು ಭಾಗ. ಅದರ ಕೆಳಗೆ ನಿಮ್ಮ ತೊಡೆಗಳು ಹೋಗಬೇಕು. ಹಾಗಾಗಿ ಈ ತೊಲೆ ತೆಳ್ಳಗೂ ಇರಬೇಕು, ಬಾಗಲೂಬಾರದು.

ಇವೆರಡೂ ಒಟ್ಟಿಗೆ ಕೂಡಿಬರುವುದು ಎಷ್ಟು ಕಷ್ಟವೆಂದರೆ, ತೊಲೆಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದರ ಬಿಗಿತ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉದ್ದ ಇಮ್ಮಡಿಯಾದರೆ ಅದೇ ಭಾರಕ್ಕೆ ಎಂಟು ಪಟ್ಟು ಬಾಗುತ್ತದೆ. ತೂಕ ಉಳಿಸಲು ಅಲ್ಯೂಮಿನಿಯಂ ಬಳಸಿದರೆ ಬಿಗಿತದಲ್ಲಿ ಅದು ಉಕ್ಕಿನ ಮೂರನೆಯ ಒಂದು ಭಾಗ ಮಾತ್ರ. ಆದರೂ ಒಳ್ಳೆಯ ತಯಾರಕರು ಅಲ್ಯೂಮಿನಿಯಂ ಎರಕವನ್ನು ಆರಿಸುತ್ತಾರೆ. ಎರಕದಲ್ಲಿ ಬೇಕಾದ ಕಡೆ ಪಕ್ಕೆಲುಬಿನಂಥ ಏಣುಗಳನ್ನು ಎಬ್ಬಿಸಬಹುದು. ಸೊಂಟದ ಬಳಿ ದಪ್ಪ, ಭುಜದ ಬಳಿ ತೆಳು ಎಂಬಂತೆ ರೂಪಿಸಬಹುದು. ಬಾಗಿಸುವ ಬಲ ಅತಿ ಹೆಚ್ಚಿರುವುದು ಸೊಂಟದ ಕೀಲಿನಲ್ಲಿ, ನಿಮ್ಮ ತೊಡೆ ಹೋಗಬೇಕಾದದ್ದು ಭುಜದ ಕೆಳಗೆ. ಚಪ್ಪಟೆ ಉಕ್ಕಿನ ಹಾಳೆಯನ್ನು ಮಡಚಿ, ಮೇಲೆ ಫೋಮ್ ಹಾಕಿ, ರೆಕ್ಸಿನ್ ಹೊದಿಸಿದ ಬೆನ್ನೊರಗೂ ಹೊರನೋಟಕ್ಕೆ ಹಾಗೆಯೇ ಕಾಣುತ್ತದೆ. ಕೈಯಿಂದ ಒತ್ತಿದಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಅಲುಗಾಟಕ್ಕೆ ಬರೋಣ. 135 ಕೆಜಿಯ ರೋಗಿಯ ಮುಂಡ, ತೋಳು, ತಲೆ ಸೇರಿ 90 ಕೆಜಿ ಎಂದಾದರೆ, ಅದರ ಗುರುತ್ವ ಕೇಂದ್ರ ಸೊಂಟದ ಕೀಲಿನಿಂದ 35 ಸೆಂಟಿಮೀಟರ್ ದೂರದಲ್ಲಿದ್ದರೆ, ಕೀಲಿನ ಸುತ್ತ 300 ನ್ಯೂಟನ್ ಮೀಟರಿಗೂ ಹೆಚ್ಚಿನ ತಿರುಚುಬಲ ಬೀಳುತ್ತದೆ. ಬೆನ್ನೊರಗನ್ನು ತಳ್ಳುವ ಆಕ್ಚುಯೇಟರ್, ಅಂದರೆ ಚಾಚಿ ಕುಗ್ಗುವ ದಂಡ, ಆ ಕೀಲಿನಿಂದ ಕೇವಲ 8 ಸೆಂಟಿಮೀಟರ್ ದೂರದಲ್ಲಿ ಕೊಂಡಿ ಹಾಕಿಕೊಂಡಿರುತ್ತದೆ, ಏಕೆಂದರೆ ಆಸನದ ಕೆಳಗೆ ಅದಕ್ಕಿಂತ ಹೆಚ್ಚು ಜಾಗವಿಲ್ಲ. ಭಾಗಿಸಿ ನೋಡಿ: ಆ ಪುಟ್ಟ ಪಿನ್ನಿನ ಮೇಲೆ ಸುಮಾರು 4,000 ನ್ಯೂಟನ್, ಅಂದರೆ 400 ಕೆಜಿ ತೂಗುಹಾಕಿದಷ್ಟು ಬಲ. ದಿನಕ್ಕೆ ಹಲವಾರು ಬಾರಿ ಏಳಿಸಿ ಮಲಗಿಸುವಾಗ ಆ ಪಿನ್ನು ಅಷ್ಟು ಒತ್ತಡದಲ್ಲಿ ತಿರುಗುತ್ತದೆ. ಕಂಚಿನ ಬುಶ್ಶಾಗಲಿ ಟೆಫ್ಲಾನ್ ಲೇಪದ ಬುಶ್ಶಾಗಲಿ ಇಲ್ಲದೆ, ಮೆದು ಉಕ್ಕಿನ ತೂತಿನಲ್ಲಿ ನೇರವಾಗಿ ಪಿನ್ನು ಕೂಡಿಸಿದ್ದರೆ ಕೆಲವೇ ವರ್ಷಗಳಲ್ಲಿ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ.

ಎಷ್ಟು ಸವೆದರೆ ತೊಂದರೆ? ಕೀಲಿನಿಂದ 80 ಮಿಲಿಮೀಟರ್ ದೂರದ ಆ ಪಿನ್ನಿನಲ್ಲಿ 0.2 ಮಿಲಿಮೀಟರ್ ಸಡಿಲವಾದರೆ, ಕೀಲಿನಿಂದ 800 ಮಿಲಿಮೀಟರ್ ದೂರದ ತಲೆದಿಂಬಿನಲ್ಲಿ ಅದು ಹತ್ತು ಪಟ್ಟಾಗಿ 2 ಮಿಲಿಮೀಟರ್ ಆಗುತ್ತದೆ. ಹಳೆಯ ಬಾಗಿಲಿನ ಕೀಲು ಕೂದಲೆಳೆಯಷ್ಟು ಸಡಿಲವಾದರೂ ಆಚೆ ತುದಿಯಲ್ಲಿ ಚಿಲಕ ಕೂರದೆ ಹೋಗುತ್ತದಲ್ಲ, ಇದೂ ಹಾಗೆಯೇ. ಬೇರುನಾಳದೊಳಗೆ ಫೈಲ್ ಎಂಬ ಸೂಜಿಯಂಥ ಅರವನ್ನು ಇಟ್ಟುಕೊಂಡಿರುವ ನಿಮಗೆ 2 ಮಿಲಿಮೀಟರ್ ಎಂದರೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಮೆಕ್ಯಾನಿಕ್ ಬಂದು ತಲೆದಿಂಬನ್ನು ಕೆಳಕ್ಕೆ ಒತ್ತಿ ನೋಡಿ, ‘ಎಲ್ಲ ಸರಿಯಾಗಿದೆ’ ಎಂದು ಹೇಳಿ ಹೋಗುವುದು ಇದರಿಂದಲೇ. ಬೆನ್ನೊರಗಿನ ಸ್ವಂತ ತೂಕವೂ ರೋಗಿಯ ತೂಕವೂ ಪಿನ್ನನ್ನು ಯಾವಾಗಲೂ ತೂತಿನ ಒಂದೇ ಬದಿಗೆ ಒತ್ತಿ ಹಿಡಿದಿರುತ್ತವೆ. ಆಗ ಸಡಿಲವು ಇದ್ದರೂ ಮುಚ್ಚಿಹೋಗಿರುತ್ತದೆ. ಬಲದ ದಿಕ್ಕು ಬದಲಾದಾಗ ಮಾತ್ರ ಅದು ಹೊರಬೀಳುತ್ತದೆ: ರೋಗಿ ತಲೆ ಎತ್ತಿದಾಗ, ಕೆಮ್ಮಿದಾಗ, ನೀವು ಹಲ್ಲನ್ನು ಮೇಲ್ಮುಖವಾಗಿ ಎಳೆದಾಗ, ಅಥವಾ ಪಕ್ಕಕ್ಕೆ ಒರಗಿದಾಗ. ಆದ್ದರಿಂದ ಪರೀಕ್ಷೆಯನ್ನು ತಿರುಗಿಸಿ ಮಾಡಿ. ಖಾಲಿ ಕುರ್ಚಿಯನ್ನು ಪೂರ್ತಿ ಮಲಗಿಸಿ, ಬೆನ್ನೊರಗಿನ ತುದಿಯನ್ನು ಎರಡೂ ಕೈಗಳಿಂದ ಕೆಳಗಿನಿಂದ ಮೇಲಕ್ಕೆ ಎತ್ತಿ. ಎಂಟು ಹತ್ತು ಕೆಜಿಯಷ್ಟು ಬಲ ಬೇಕಾಗಬಹುದು. ‘ಟಕ್’ ಎಂಬ ಸದ್ದಿನೊಂದಿಗೆ ತುದಿ ತುಸು ಮೇಲೆದ್ದರೆ ಸವೆದಿರುವುದು ಆಕ್ಚುಯೇಟರಿನ ಪಿನ್ನು. ಹೈಡ್ರಾಲಿಕ್ ಕುರ್ಚಿಯಾದರೆ ಬೆನ್ನೊರಗಿನ ಸಿಲಿಂಡರಿನ ಪಿನ್ನು. ಸದ್ದಿಲ್ಲದೆ, ಒತ್ತಿದಷ್ಟು ಬಾಗಿ ಬಿಟ್ಟಾಗ ಹಿಂದಿರುಗಿದರೆ ಅದು ಚೌಕಟ್ಟಿನ ಬಾಗು, ಅದಕ್ಕೆ ಬುಶ್ಶು ಪರಿಹಾರವಲ್ಲ. ಆಮೇಲೆ ತುದಿಯನ್ನು ಎಡಬಲಕ್ಕೆ ತಳ್ಳಿ. ಆಗ ಅಲುಗಿದರೆ ಸೊಂಟದ ಎರಡು ಕೀಲುಗಳ ಬುಶ್ಶುಗಳನ್ನು ನೋಡಬೇಕು. ಆಸನವೂ ಜೊತೆಗೇ ಹೊರಳಿದರೆ ತೊಂದರೆ ಇನ್ನೂ ಕೆಳಗೆ, ಎತ್ತುವ ತೋಳುಗಳಲ್ಲಿದೆ. ಕೊನೆಗೆ ತಲೆದಿಂಬನ್ನು ಮಾತ್ರ ಹಿಡಿದು ಅಲುಗಿಸಿ. ಅನೇಕ ಕುರ್ಚಿಗಳಲ್ಲಿ ನಿಜವಾದ ಕಳ್ಳ ಅಲ್ಲೇ ಇರುತ್ತಾನೆ: ತಲೆದಿಂಬಿನ ಪಟ್ಟಿ ಜಾರುವ ಜಾಡಿನ ಪ್ಲಾಸ್ಟಿಕ್ ತುಂಡು ಸವೆದಿರುತ್ತದೆ, ಅಥವಾ ಕೀಲಿನ ಬಿಗಿ ಸ್ಕ್ರೂ ಸಡಿಲಾಗಿರುತ್ತದೆ. ಹಾಗಿದ್ದರೆ ಖರ್ಚು ಏನೂ ಅಲ್ಲ.

ಬುಶ್ಶಿನ ಕೆಲಸಕ್ಕೆ ಕಂಪನಿಯೇ ಬರಬೇಕೆಂದಿಲ್ಲ. ಸವೆದ ತೂತನ್ನು ಒಳ್ಳೆಯ ಲೇತ್ ಕೆಲಸಗಾರರು ಸ್ವಲ್ಪ ದೊಡ್ಡದಾಗಿ ದುಂಡಗೆ ಕೊರೆದು, ಅದರಲ್ಲಿ ಕಂಚಿನ ಬುಶ್ಶನ್ನು ಒತ್ತಿ ಕೂರಿಸಿ, ಹೊಸ ಪಿನ್ನು ತಿರುಗಿಸಿಕೊಡಬಲ್ಲರು. ಒಂದನ್ನು ಮಾತ್ರ ಮಾಡಿಸಬೇಡಿ: ತೂತಿಗೆ ವೆಲ್ಡಿಂಗ್ ತುಂಬಿ ಹೊಸದಾಗಿ ಡ್ರಿಲ್ ಹೊಡೆಯುವುದು. ಕಾಯಿಸಿದ ಕಡೆ ಲೋಹ ಗಡಸಾಗಿ ಬಿರುಕಿಗೆ ದಾರಿಯಾಗುತ್ತದೆ, ಎರಡೂ ಬದಿಯ ತೂತುಗಳು ಒಂದೇ ನೇರಕ್ಕೆ ಬರುವುದೂ ಇಲ್ಲ.

ಎರಡನೆಯ ತೊಂದರೆ ಕುಸಿತ. ನಿಮ್ಮ ಕುರ್ಚಿಯಲ್ಲಿ ವಿದ್ಯುತ್ ಮೋಟಾರು ಒಂದು ಪಂಪನ್ನು ತಿರುಗಿಸುತ್ತದೆ, ಪಂಪು ಎಣ್ಣೆಯನ್ನು ಸಿಲಿಂಡರಿಗೆ ತಳ್ಳುತ್ತದೆ, ಪಿಸ್ಟನ್ ತೋಳುಗಳನ್ನು ಎತ್ತುತ್ತದೆ. ಮೋಟಾರು ನಿಂತಮೇಲೆ ಇಡೀ ಭಾರವನ್ನು ಹಿಡಿದಿರುವುದು ಎಣ್ಣೆಯ ದಾರಿಯಲ್ಲಿರುವ ಮುಚ್ಚಿದ ಕವಾಟ. ಇಳಿಸುವಾಗ ಮೋಟಾರಿಗೆ ಕೆಲಸವಿಲ್ಲ. ವಿದ್ಯುತ್ತಿನಿಂದ ತೆರೆಯುವ ಸೊಲೆನಾಯ್ಡ್ ಕವಾಟ ತೆರೆದುಕೊಳ್ಳುತ್ತದೆ, ಕುರ್ಚಿ ತನ್ನ ತೂಕದಿಂದಲೇ ಇಳಿಯುತ್ತದೆ, ಸಣ್ಣ ರಂಧ್ರವೊಂದು ಎಣ್ಣೆಯ ಹರಿವನ್ನು ತಡೆದು ನಿಧಾನಗೊಳಿಸುತ್ತದೆ. ತೋಳುಗಳ ಜೋಡಣೆಯಿಂದಾಗಿ ಪಿಸ್ಟನ್ ಮೇಲಿನ ಬಲ ಭಾರದ ಮೂರು ಪಟ್ಟು ಎಂದುಕೊಂಡರೆ 6,300 ನ್ಯೂಟನ್. 40 ಮಿಲಿಮೀಟರ್ ವ್ಯಾಸದ ಸಿಲಿಂಡರಿನಲ್ಲಿ ಅದು 50 ಬಾರ್ ಒತ್ತಡ, ಅಂದರೆ ಗಾಳಿಯ ಒತ್ತಡದ ಸುಮಾರು ಐವತ್ತು ಪಟ್ಟು. ಅಷ್ಟು ಒತ್ತಡದಲ್ಲಿ ಕವಾಟದ ಪೀಠದ ಮೇಲೆ ಕಣ್ಣಿಗೆ ಕಾಣದ ಕಸದ ಚೂರು ಸಿಕ್ಕಿಕೊಂಡರೂ ಎಣ್ಣೆ ಸೋರುತ್ತದೆ.

ನಿಮ್ಮ ಒಂದು ಅಂಗುಲದ ಕುಸಿತವನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿದೆ. ಆಸನ 25 ಮಿಲಿಮೀಟರ್ ಇಳಿಯಲು ಪಿಸ್ಟನ್ 8 ಮಿಲಿಮೀಟರ್ ಚಿಲ್ಲರೆ ಸರಿದರೆ ಸಾಕು. ಅದಕ್ಕೆ ಸೋರಬೇಕಾದ ಎಣ್ಣೆ ಸುಮಾರು 10 ಮಿಲಿಲೀಟರ್. ನಲವತ್ತು ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಐದು ಹನಿ, ಅಷ್ಟೇ! ಇಷ್ಟು ಚಿಕ್ಕ ಸೋರಿಕೆ ಟ್ಯಾಂಕಿನೊಳಗೇ ನಡೆಯುವುದರಿಂದ ನೆಲದ ಮೇಲೆ ಒಂದು ತೊಟ್ಟೂ ಕಾಣುವುದಿಲ್ಲ. ದಪ್ಪ ರೋಗಿಗಳಿಗೆ ಹೆಚ್ಚು ಕುಸಿಯುತ್ತದೆ ಎಂದು ಬರೆದಿದ್ದೀರಿ. ಒತ್ತಡ ಹೆಚ್ಚಾದಷ್ಟೂ ಸೋರಿಕೆ ಹೆಚ್ಚುವುದರಿಂದ ಅದು ಸರಿಯಾಗಿಯೇ ಹೊಂದುತ್ತದೆ. ಬುಡದ ಮುಚ್ಚಳ ತೆಗೆಸಿ ಪಿಸ್ಟನ್ ದಂಡವನ್ನು ಬಿಳಿಯ ಬಟ್ಟೆಯಿಂದ ಒರೆಸಿ, ಕುರ್ಚಿಯನ್ನು ಎತ್ತಿ, ರಾತ್ರಿಯಿಡೀ ಆಸನದ ಮೇಲೆ ಮರಳಿನ ಚೀಲಗಳನ್ನಿಟ್ಟು ಬಿಡಿ. ಮುಚ್ಚಳ ತೆಗೆದಿರುವಾಗ ಯಾರೂ ಕೆಳಗೆ ಕೈ ಹಾಕದಂತೆ ನೋಡಿಕೊಳ್ಳಿ, ತೋಳುಗಳ ನಡುವೆ ಗಟ್ಟಿ ಮರದ ದಿಮ್ಮಿಯನ್ನು ಕುಸಿತಕ್ಕಷ್ಟೇ ಜಾಗ ಬಿಟ್ಟು ಇಡಿಸಿ. ಬೆಳಿಗ್ಗೆ ಕುರ್ಚಿ ಇಳಿದಿದ್ದು ದಂಡ ಒಣಗಿಯೇ ಇದ್ದರೆ ದೋಷ ಕವಾಟದಲ್ಲಿದೆ. ದಂಡದ ಮೇಲೆ ಎಣ್ಣೆ ಇದ್ದರೆ ಸಿಲಿಂಡರಿನ ಸೀಲು ಹೋಗಿದೆ. ಕವಾಟವಾದರೆ ಬಿಚ್ಚಿ ತೊಳೆದು, ಎಣ್ಣೆಯನ್ನು ಪೂರ್ತಿ ಬದಲಿಸಿ, ಟ್ಯಾಂಕಿನ ತಳದ ಕೆಸರನ್ನು ತೆಗೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. ತಯಾರಕರು ಹೇಳಿದ ಎಣ್ಣೆಯನ್ನೇ ಹಾಕಿಸಿ. ವಾಹನದ ಬ್ರೇಕ್ ಆಯಿಲನ್ನು ‘ಅದೂ ಹೈಡ್ರಾಲಿಕ್ಕೇ’ ಎಂದು ಸುರಿಯುವ ಅಭ್ಯಾಸ ಕೆಲವೆಡೆ ಇದೆ. ಖನಿಜ ಎಣ್ಣೆಗೆಂದು ಮಾಡಿದ ರಬ್ಬರ್ ಸೀಲುಗಳು ಅದರಲ್ಲಿ ಉಬ್ಬಿ ಹಾಳಾಗುತ್ತವೆ.

ಸ್ಕ್ರೂ ಇರುವ ಕುರ್ಚಿ ಕುಸಿಯುವುದಿಲ್ಲ ಎಂದು ಮಾರಾಟಗಾರರು ಹೇಳುವುದರಲ್ಲಿ ಬಹಳಷ್ಟು ನಿಜವಿದೆ, ಅದರ ಕಾರಣವೂ ಸೊಗಸಾದದ್ದು. 20 ಮಿಲಿಮೀಟರ್ ವ್ಯಾಸ, ಒಂದು ಸುತ್ತಿಗೆ 4 ಮಿಲಿಮೀಟರ್ ಏರುವ ಸ್ಕ್ರೂವಿನ ಎಳೆಯ ಇಳಿಜಾರು ಕೇವಲ 4 ಡಿಗ್ರಿ. ಉಕ್ಕಿನ ಎಳೆಯ ಮೇಲೆ ಕಂಚಿನ ನಟ್ಟು ತಾನಾಗಿ ಜಾರಲು 6ರಿಂದ 8 ಡಿಗ್ರಿ ಇಳಿಜಾರಾದರೂ ಬೇಕು. ಆದ್ದರಿಂದ ಎಷ್ಟೇ ಭಾರ ಹೇರಿದರೂ ಸ್ಕ್ರೂ ಹಿಂದಕ್ಕೆ ತಿರುಗುವುದಿಲ್ಲ. ವಿದ್ಯುತ್ತು ಹೋದರೂ ಕುರ್ಚಿ ಇದ್ದಲ್ಲೇ ಇರುತ್ತದೆ. ಘರ್ಷಣೆ ಇಲ್ಲಿ ರೋಗಿಯನ್ನು ಕಾಯುವ ಕೆಲಸ ಮಾಡುತ್ತಿದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಹೀಗೆ ತಾನೇ ಬೀಗ ಹಾಕಿಕೊಳ್ಳುವ ಸ್ಕ್ರೂವಿನ ದಕ್ಷತೆ ಅರ್ಧವನ್ನು ದಾಟಲಾರದು. ನಾನು ಹೇಳಿದ ಅಳತೆಯದು ಮೂವತ್ತೈದು ಶೇಕಡಾ ಆಸುಪಾಸಿನಲ್ಲಿರುತ್ತದೆ. ಉಳಿದದ್ದೆಲ್ಲ ಶಾಖ. ಅದಕ್ಕಾಗಿಯೇ ಇಂಥ ಆಕ್ಚುಯೇಟರುಗಳ ಮೇಲೆ ‘ಎರಡು ನಿಮಿಷ ಓಡಿದರೆ ಹದಿನೆಂಟು ನಿಮಿಷ ಬಿಡುವು’ ಎಂಬ ಬಗೆಯ ಮಿತಿ ಬರೆದಿರುತ್ತದೆ. ನಿಮ್ಮ ಬಳಕೆಗೆ ಅದು ಧಾರಾಳ ಸಾಕು. ಆದರೆ ಮಕ್ಕಳಿಗೆ ಕುರ್ಚಿಯ ಮೇಲೆ ಏರಿಳಿಸುವ ಆಟವಾಡಿಸುತ್ತಾ ಕೂತರೆ ಮೋಟಾರು ಸುಡುತ್ತದೆ.

ಬಾಲ್ ಸ್ಕ್ರೂ (ಎಳೆಗಳ ನಡುವೆ ಉಕ್ಕಿನ ಗುಂಡುಗಳು ಉರುಳುವ ಸ್ಕ್ರೂ) ಹಾಕಿದ್ದೇವೆ, ನುಣುಪಾಗಿ ಓಡುತ್ತದೆ ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ಬ್ರೇಕು ಎಲ್ಲಿದೆ ಎಂದು ಕೇಳಿ. ಅದರ ದಕ್ಷತೆ ತೊಂಬತ್ತು ಶೇಕಡಾ ಇರಬಹುದು, ಆದರೆ ಅಷ್ಟೇ ಸಲೀಸಾಗಿ ಅದು ಹಿಂದಕ್ಕೂ ಓಡುತ್ತದೆ. ಬ್ರೇಕಿಲ್ಲದೆ ಅದು ಭಾರ ಹಿಡಿಯದು. ಸಾಮಾನ್ಯ ಸ್ಕ್ರೂವಿಗೆ ಬೇರೆ ಭಯವಿದೆ: ನಟ್ಟಿನ ಎಳೆ ಸವೆದು ಸವೆದು ಒಂದು ದಿನ ಪೂರ್ತಿ ಕಿತ್ತುಬಂದರೆ ಕುರ್ಚಿ ಒಮ್ಮೆಲೇ ಬೀಳುತ್ತದೆ. ಹೈಡ್ರಾಲಿಕ್ ಕುರ್ಚಿ ಕೆಡುವಾಗ ಹಾಗಲ್ಲ, ಹನಿಹನಿಯಾಗಿ ಮುನ್ಸೂಚನೆ ಕೊಟ್ಟು ಕೆಡುತ್ತದೆ. ಅದಕ್ಕಾಗಿ ಒಳ್ಳೆಯ ಸ್ಕ್ರೂ ಕುರ್ಚಿಗಳಲ್ಲಿ ಮುಖ್ಯ ನಟ್ಟಿನ ಪಕ್ಕದಲ್ಲೇ ಭಾರ ಹೊರದ ಎರಡನೆಯ ಸುರಕ್ಷಾ ನಟ್ಟೊಂದು ಇರುತ್ತದೆ. ಮೊದಲನೆಯದು ಕೈಕೊಟ್ಟರೆ ಅದು ಹಿಡಿಯುತ್ತದೆ. ಎರಡರ ನಡುವಿನ ಸಂದನ್ನು ವರ್ಷಕ್ಕೊಮ್ಮೆ ಅಳೆದರೆ ಸವೆತ ಎಷ್ಟಾಗಿದೆ ಎಂದೂ ತಿಳಿಯುತ್ತದೆ. ನನ್ನನ್ನು ಕೇಳಿದರೆ, ಮೋಟಾರಿನ ವಾಟ್ ಎಷ್ಟೆಂದು ಕೇಳುವ ಬದಲು ಸುರಕ್ಷಾ ನಟ್ಟು ಇದೆಯೇ ಎಂದು ಕೇಳುವುದು ನೂರು ಪಾಲು ಮೇಲು.

ಹಾಗಾದರೆ ಹೈಡ್ರಾಲಿಕ್ಕೋ ಸ್ಕ್ರೂವೋ? ಎಣ್ಣೆ, ಸೀಲು ತಿಳಿದ ಕೆಲಸಗಾರರು ಹತ್ತಿರದಲ್ಲಿಲ್ಲದ ಊರಿನಲ್ಲಿ ನಾನು 24 ವೋಲ್ಟ್ ಡಿಸಿ ಮೋಟಾರಿನ ಸ್ಕ್ರೂ ಆಕ್ಚುಯೇಟರ್ ಇರುವ ಕುರ್ಚಿಯನ್ನೇ ಆರಿಸುತ್ತೇನೆ. ಆಕ್ಚುಯೇಟರ್ ಕೆಟ್ಟರೆ ಎರಡು ಪಿನ್ನು ಬಿಚ್ಚಿ ಇಡಿಯಾಗಿ ಬದಲಿಸಬಹುದು. ವೋಲ್ಟೇಜಿನ ಏರಿಳಿತವೂ ಅದಕ್ಕೆ ಅಷ್ಟು ತಾಗುವುದಿಲ್ಲ, ಯುಪಿಎಸ್ ಮೇಲೂ ಸಲೀಸಾಗಿ ಓಡುತ್ತದೆ. ಹೈಡ್ರಾಲಿಕ್ ಪಂಪಿನ ಎಸಿ ಮೋಟಾರುಗಳು ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟು ಎಳೆಯುತ್ತವೆ, ಅಗ್ಗದ ಚೌಕ ಅಲೆಯ ಇನ್ವರ್ಟರಿನಲ್ಲಿ ಬಿಸಿಯೇರುತ್ತವೆ. ಕರೆಂಟು ಹೋದಾಗ ಮಲಗಿರುವ ವಯಸ್ಸಾದ ರೋಗಿಯನ್ನು ಎಬ್ಬಿಸಿ ಕೂರಿಸುವುದು ಹೇಗೆ ಎಂಬುದನ್ನೂ ಕೊಳ್ಳುವ ಮೊದಲೇ ಮಾಡಿ ತೋರಿಸಲು ಹೇಳಿ. ಮತ್ತೊಂದೆಡೆ, ಹೈಡ್ರಾಲಿಕ್‌ನಷ್ಟು ಮೃದುವಾದ, ಸದ್ದಿಲ್ಲದ ಇಳಿತ ಅಗ್ಗದ ಸ್ಕ್ರೂ ಕುರ್ಚಿಯಲ್ಲಿ ಸಿಗುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಸ್ಕ್ರೂ ಕುರ್ಚಿಯಲ್ಲಿ ಮೋಟಾರು ನಿಧಾನವಾಗಿ ಶುರುವಾಗಿ ನಿಧಾನವಾಗಿ ನಿಲ್ಲುವ ಏರ್ಪಾಡು ಇರಬೇಕು. ಇಲ್ಲದಿದ್ದರೆ ಭಯದಿಂದ ಹಿಡಿ ಬಿಗಿದುಕೊಂಡಿರುವ ರೋಗಿಗೆ ಪ್ರತಿ ನಿಲುಗಡೆಯೂ ಒಂದು ಬೆಚ್ಚು.

ಎತ್ತುವ ತೋಳುಗಳ ಬಗ್ಗೆ ಒಂದೆರಡು ಮಾತು. ಹೆಚ್ಚಿನ ಕುರ್ಚಿಗಳಲ್ಲಿ ಇರುವುದು ಸಮಾಂತರ ತೋಳುಗಳ ಜೋಡಿ. ಎರಡೂ ತೋಳು ಒಂದೇ ಉದ್ದವಿರುವುದರಿಂದ ಎಷ್ಟು ಎತ್ತಿದರೂ ಆಸನ ಮಟ್ಟವಾಗಿಯೇ ಇರುತ್ತದೆ. ಆದರೆ ಆಸನ ನೇರವಾಗಿ ಮೇಲೇರುವುದಿಲ್ಲ, ಕಮಾನಿನ ದಾರಿಯಲ್ಲಿ ಏರುತ್ತದೆ. ಅರ್ಧ ಮೀಟರ್ ಉದ್ದದ ತೋಳು ಮಟ್ಟಕ್ಕಿಂತ 20 ಡಿಗ್ರಿ ಕೆಳಗಿನಿಂದ 30 ಡಿಗ್ರಿ ಮೇಲಕ್ಕೆ ಹೋದರೆ ಎತ್ತರ 42 ಸೆಂಟಿಮೀಟರ್ ಸಿಗುತ್ತದೆ, ಜೊತೆಗೆ ಕುರ್ಚಿ 7 ಸೆಂಟಿಮೀಟರಿನಷ್ಟು ಹಿಂದೆ ಮುಂದೆಯೂ ಸರಿಯುತ್ತದೆ. ಗೋಡೆಗೆ, ಹಿಂದಿನ ಕಪಾಟಿಗೆ ಒತ್ತಿಕೊಂಡಂತೆ ಕುರ್ಚಿಯನ್ನು ಕೂರಿಸಬಾರದು ಎನ್ನುವುದು ಇದಕ್ಕೇ. ಕತ್ತರಿಯಂತೆ ಅಡ್ಡ ಹಾಯುವ ತೋಳುಗಳಿದ್ದರೆ ಕುರ್ಚಿ ನೇರ ಏರುತ್ತದೆ. ಆದರೆ ಪೂರ್ತಿ ತಗ್ಗಿದಾಗ ಎತ್ತಲು ವಿಪರೀತ ಬಲ ಬೇಕು: ತೋಳುಗಳು 15 ಡಿಗ್ರಿಯಲ್ಲಿದ್ದಾಗ ಭಾರದ ನಾಲ್ಕು ಪಟ್ಟಿನ ಹತ್ತಿರ, 45 ಡಿಗ್ರಿಗೆ ಬಂದಾಗ ಭಾರದಷ್ಟೇ. ಹಾಗಾಗಿ ಕತ್ತರಿ ಕುರ್ಚಿಗಳ ಕೀಲುಗಳು ಬೇಗ ಸವೆಯುತ್ತವೆ.

ಮೂರನೆಯ ತೊಂದರೆಗೆ ರಿಪೇರಿ ಇಲ್ಲ ಎಂದು ಹೇಳಲು ನನಗೆ ಬೇಸರವಿದೆ. ಅದು ಸವೆತವಲ್ಲ, ಕುರ್ಚಿಯ ರೂಪರೇಖೆಯಲ್ಲೇ ಇರುವ ದೋಷ. ನಾವು ಸೊಂಟ ಬಾಗಿಸುವುದು ತೊಡೆಮೂಳೆಯ ಗುಂಡು ಕೂತಿರುವ ಕೀಲಿನ ಸುತ್ತ. ಅದು ಆಸನದ ಮೇಲ್ಮೈಗಿಂತ ಎಂಟು ಹತ್ತು ಸೆಂಟಿಮೀಟರ್ ಮೇಲೆ, ಬೆನ್ನಿನ ಮೇಲ್ಮೈಗಿಂತ ಸಾಕಷ್ಟು ಮುಂದೆ, ದೇಹದ ಒಳಗಿದೆ. ಕುರ್ಚಿಯ ಕೀಲಾದರೋ ಮೆತ್ತೆಯ ಕೆಳಗೆ, ಹಿಂದೆ ಇದೆ. ಎರಡು ಕೀಲುಗಳ ನಡುವೆ 12 ಸೆಂಟಿಮೀಟರ್ ಅಂತರವಿದ್ದು ಬೆನ್ನೊರಗು 70 ಡಿಗ್ರಿ ಬಾಗಿದರೆ, ರೋಗಿಯ ಬೆನ್ನಿಗೂ ಬೆನ್ನೊರಗಿಗೂ ನಡುವೆ ಸುಮಾರು 14 ಸೆಂಟಿಮೀಟರ್ ಸ್ಥಾನಪಲ್ಲಟವಾಗಲೇಬೇಕು. ಅದರ ಬಹುಪಾಲು ಬಟ್ಟೆಯನ್ನು ಎಳೆಯುತ್ತಾ ಜಾರುವ ಜಾರಿಕೆ. ತಲೆ ದಿಂಬಿನಿಂದ ತಪ್ಪುವುದೂ, ಕೂರಿಸುವಾಗ ಮಕ್ಕಳು ಮುಂದಕ್ಕೆ ಕುಗ್ಗಿಹೋಗುವುದೂ ಇದರಿಂದಲೇ. ಒಳ್ಳೆಯ ಕುರ್ಚಿಗಳಲ್ಲಿ ಇದಕ್ಕೆ ಎರಡು ಉಪಾಯಗಳಿವೆ. ಒಂದು, ಬೆನ್ನೊರಗು ಮಲಗುತ್ತಾ ಹೋದಂತೆ ತಾನೂ ಆಸನದ ಮೇಲೆ ಜಾರುವಂತೆ ಅಥವಾ ಆಸನವೇ ಸರಿಯುವಂತೆ ಕೊಂಡಿಗಳನ್ನು ಜೋಡಿಸುವುದು. ಇನ್ನೊಂದು, ಬಾಗಿದ ಹಳಿ ಅಥವಾ ನಾಲ್ಕು ಕಡ್ಡಿಗಳ ಜೋಡಣೆಯಿಂದ, ಬೆನ್ನೊರಗು ತಿರುಗುವ ಕೇಂದ್ರವನ್ನೇ ರೋಗಿಯ ಸೊಂಟದ ಕೀಲಿನ ಹತ್ತಿರಕ್ಕೆ ಒಯ್ಯುವುದು. ಅಲ್ಲಿ ಯಾವ ಪಿನ್ನೂ ಇರುವುದಿಲ್ಲ, ಆದರೂ ಬೆನ್ನೊರಗು ಅಲ್ಲೇ ಪಿನ್ನಿದ್ದಂತೆ ತಿರುಗುತ್ತದೆ. ಈ ಕುರ್ಚಿಗಳ ವಿನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು.

ನಿಮ್ಮ ಈಗಿನ ಕುರ್ಚಿಯಲ್ಲಿ ಆಸನವನ್ನು ಹಿಂದಕ್ಕೆ ವಾಲಿಸುವ ಗುಂಡಿ ಪ್ರತ್ಯೇಕವಾಗಿದ್ದರೆ ಮೊದಲು ಅದನ್ನು ಒತ್ತಿ, ಮೊಣಕಾಲು ಸ್ವಲ್ಪ ಮೇಲೆ ಬಂದಮೇಲೆ ಬೆನ್ನೊರಗನ್ನು ಮಲಗಿಸಿ. ಹಾಗೆ ಮಾಡಿದರೆ ಸೊಂಟ ಮುಂದಕ್ಕೆ ಜಾರದೆ ಆಸನದ ಮೂಲೆಯಲ್ಲೇ ಕೂರುತ್ತದೆ. ಮಲಗಿಸಿದ ಮೇಲೆ ‘ಒಮ್ಮೆ ಬೆನ್ನು ಎತ್ತಿ ಇಡಿ’ ಎಂದು ರೋಗಿಗೆ ಹೇಳಿ, ಆಮೇಲೆ ತಲೆದಿಂಬನ್ನು ಹೊಂದಿಸಿ.

ಹೊಸ ಕುರ್ಚಿ ನೋಡಲು ಹೋದಾಗ ಇದನ್ನೇ ಪರೀಕ್ಷೆಯಾಗಿಸಿ. ನೀವೇ ಕುಳಿತು, ನಿಮ್ಮ ಭುಜದ ನೇರಕ್ಕೆ ಬೆನ್ನೊರಗಿನ ಅಂಚಿಗೆ ಒಂದು ಕಾಗದದ ಚೀಟಿ ಅಂಟಿಸಿಸಿ, ಪೂರ್ತಿ ಮಲಗಿ. ಚೀಟಿ ಭುಜದಿಂದ ನಾಲ್ಕು ಬೆರಳಿಗಿಂತ ಹೆಚ್ಚು ದೂರ ಹೋದರೆ ಆ ಕುರ್ಚಿ ಬೇಡ. ಮಲಗಿದ್ದಾಗ ಜೊತೆಯವರೊಬ್ಬರು ಸ್ಟೂಲಿನ ಮೇಲೆ ಕುಳಿತು ತೊಡೆಗಳನ್ನು ಬೆನ್ನೊರಗಿನ ಕೆಳಗೆ ಸೇರಿಸಿ ನೋಡಲಿ. ನಿಮ್ಮ ಬಾಯಿ ಅವರ ಮೊಣಕೈಯ ಮಟ್ಟಕ್ಕೆ ಬರಬೇಕು, ತೊಡೆ ಎಲ್ಲೂ ತಾಗಬಾರದು. ಆಸನ ಎಷ್ಟು ತಗ್ಗುತ್ತದೆ ಎಂದು ಅಳೆಯಿರಿ. ಮಂಡಿ ನೋವಿನ ಹಿರಿಯರು, ಸೀರೆ ಉಟ್ಟವರು ಪಾದವನ್ನು ನೆಲಕ್ಕೂರಿ ಕೂರಬೇಕಾದರೆ 40 ಸೆಂಟಿಮೀಟರಿನ ಆಸುಪಾಸಿಗೆ ಇಳಿಯಬೇಕು, ಕೈಯೊರಗು ಪಕ್ಕಕ್ಕೆ ತೆರೆಯಬೇಕು. ಗೂನುಬೆನ್ನಿನವರಿಗೆ ತಲೆದಿಂಬು ಮುಂದಕ್ಕೂ ಬರಬೇಕು, ಮೇಲ್ದವಡೆಯ ಕೆಲಸಕ್ಕೆ ಹಿಂದಕ್ಕೂ ಬಾಗಬೇಕು. ಅದಕ್ಕೆ ಎರಡು ಕೀಲಿನ ತಲೆದಿಂಬೇ ಬೇಕು, ಒಂದು ಕೀಲಿನದು ಸಾಲದು. ವೈದ್ಯಕೀಯ ವಿದ್ಯುತ್ ಉಪಕರಣಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-1 ರೋಗಿಯ ತೂಕವನ್ನು ಸಾಮಾನ್ಯವಾಗಿ 135 ಕೆಜಿ ಎಂದು ಹಿಡಿಯುತ್ತದೆ. ಕುರ್ಚಿಯ ಮೇಲೆ ಬರೆದಿರುವ ಮಿತಿ ಅದಕ್ಕಿಂತ ಕಡಿಮೆಯಿದ್ದರೆ ಏಕೆಂದು ಕೇಳಿ.

ಕೆಳಗೊಂದು ರಟ್ಟಿನ ಪೆಟ್ಟಿಗೆ ಇಡಿಸಿ, ಅದರ ಮೇಲೆ ಕುರ್ಚಿಯನ್ನು ಇಳಿಸಲು ಹೇಳಿ. ಸುರಕ್ಷಾ ಸ್ವಿಚ್ಚು ಇರುವ ಕುರ್ಚಿ ಪೆಟ್ಟಿಗೆ ತಾಗಿದ ಕೂಡಲೇ ನಿಲ್ಲುತ್ತದೆ, ತುಸು ಮೇಲಕ್ಕೂ ಸರಿಯುತ್ತದೆ. ಇಲ್ಲದ ಕುರ್ಚಿ ಪೆಟ್ಟಿಗೆಯನ್ನು ಅಪ್ಪಚ್ಚಿ ಮಾಡುತ್ತದೆ. ನಾಳೆ ಆ ಜಾಗದಲ್ಲಿ ನಿಮ್ಮ ಸಹಾಯಕಿಯ ಪಾದವಿರಬಹುದು. ಈ ಒಂದು ವಿಷಯದಲ್ಲಿ ಬೆಲೆಗಾಗಿ ರಾಜಿ ಮಾಡಿಕೊಳ್ಳಬೇಡಿ.

ಚಾಚಿದ ಬೆನ್ನೊರಗಿನ ಬಗ್ಗೆ ಪ್ರಾಣಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಕುರ್ಚಿಯಲ್ಲೇ ರೋಗಿಯ ಹೃದಯ ನಿಂತು ಎದೆ ಒತ್ತಬೇಕಾಗಿ ಬಂದರೆ, ನೀವು ಐದಾರು ಸೆಂಟಿಮೀಟರ್ ಒತ್ತಬೇಕು. ಆಗ ಆಧಾರವಿಲ್ಲದ ಬೆನ್ನೊರಗು ಕೆಳಗೆ ಬಾಗಿ ಆ ಒತ್ತನ್ನು ತಾನೇ ನುಂಗುತ್ತದೆ. ಕುರ್ಚಿಯನ್ನು ಮಟ್ಟವಾಗಿ ಮಲಗಿಸಿ, ನಿಮ್ಮ ದುಂಡು ಸ್ಟೂಲನ್ನು ಎದೆಯ ನೇರಕ್ಕೆ ಬೆನ್ನೊರಗಿನ ಕೆಳಗೆ ಒತ್ತಾಗಿ ಸೇರಿಸಿದರೆ ಈ ಬಾಗು ಬಹಳ ಕಡಿಮೆಯಾಗುತ್ತದೆ ಎಂದು ಜಪಾನಿನ ಸಂಶೋಧಕರು ಅಳೆದು ತೋರಿಸಿದ್ದಾರೆ. ನಿಮ್ಮ ಸಿಬ್ಬಂದಿಯೊಂದಿಗೆ ಒಮ್ಮೆ ಅಭ್ಯಾಸ ಮಾಡಿಡಿ; ಸ್ಟೂಲಿನ ಎತ್ತರ ಎಷ್ಟಿರಬೇಕು, ಕುರ್ಚಿ ಎಷ್ಟು ತಗ್ಗಬೇಕು ಎಂದು ಆಗಲೇ ಗೊತ್ತಾಗಿರಲಿ.

ಇನ್ನು ನಿಮ್ಮ ನಿರ್ಧಾರ. ಕವಾಟ ತೊಳೆಸುವುದು, ಎಣ್ಣೆ ಬದಲಿಸುವುದು, ಪಿನ್ನು ಬುಶ್ಶು ಹಾಕಿಸುವುದು, ಇವೆಲ್ಲ ಸೇರಿದರೂ ಹೊಸ ಕುರ್ಚಿಯ ಬೆಲೆಯ ಸಣ್ಣ ಪಾಲು. ಚೌಕಟ್ಟು ಗಟ್ಟಿಯಿದ್ದರೆ ಈ ಕೆಲಸವನ್ನೇ ಮೊದಲು ಮಾಡಿಸಿ, ಬಟ್ಟೆ ಎಳೆಯುವ ದೋಷವನ್ನು ಇನ್ನು ಕೆಲವು ವರ್ಷ ಸಹಿಸಿಕೊಳ್ಳಿ. ಚೌಕಟ್ಟು ಗಟ್ಟಿಯಿದೆಯೇ ಎಂದು ತಿಳಿಯಲು, ಬುಶ್ಶಿಗಾಗಿ ಬಿಚ್ಚಿದಾಗಲೇ ಸೊಂಟದ ಕೀಲಿನ ಸುತ್ತಲ ಮತ್ತು ಎತ್ತುವ ತೋಳುಗಳ ಬುಡದ ವೆಲ್ಡಿಂಗ್ ಗೆರೆಗಳನ್ನು ಬಣ್ಣ ಕೆರೆಸಿ, ಬಿರುಕು ತೋರಿಸುವ ಕೆಂಪು ಡೈ ಸ್ಪ್ರೇ ಹೊಡೆಸಿ, ಒರೆಸಿದ ಮೇಲೆ ಅದರ ಜೊತೆಗಿನ ಬಿಳಿಯ ಪುಡಿಯನ್ನೂ ಹೊಡೆಸಿ ನೋಡಿ. ಬಿಳಿಯ ಪುಡಿಯ ಮೇಲೆ ಕೆಂಪು ಗೆರೆ ಮೂಡಿದರೆ ಆ ದಿನದಿಂದಲೇ ರೋಗಿಗಳನ್ನು ಅದರ ಮೇಲೆ ಕೂರಿಸುವುದನ್ನು ನಿಲ್ಲಿಸಿ, ಹೊಸ ಕುರ್ಚಿಗೆ ಹೇಳಿಬಿಡಿ.